ಲಟಕ್ ಅಂದರೆ ಮೂಳೆ ಕೂತಿತೇ? ಕೈರೋಪ್ರಾಕ್ಟಿಕ್ ಕ್ಲಿನಿಕ್‌ಗೆ ಹೋಗುವ ಮುನ್ನ

ಪ್ರಶ್ನೆ: ನನಗೆ 38 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ದಿನಾ ಬೈಕಿನಲ್ಲಿ ಓಡಾಟ. ಐದು ವಾರದಿಂದ ಸೊಂಟನೋವು. ಬಲಗಾಲಿನ ಹಿಂಬದಿಯಲ್ಲಿ ಪೃಷ್ಠದಿಂದ ಮೀನಖಂಡದವರೆಗೆ ಎಳೆತ, ಆಗಾಗ ಕಿರುಬೆರಳ ಹತ್ತಿರ ಜೋಮು. ಎಂಆರ್‌ಐಯಲ್ಲಿ ಎಲ್5–ಎಸ್1 ಡಿಸ್ಕ್ ಬಲ್ಜ್ ಎಂದಿದೆ, ಅಂದರೆ ಸೊಂಟದ ಕೊನೆಯ ಮಣಿಯ ಕೆಳಗಿನ ಮೆತ್ತೆ ಹೊರಚಾಚಿದೆಯಂತೆ. ಮೂಳೆ ಡಾಕ್ಟರು ಆಪರೇಷನ್ ಬೇಡ, ಮಾತ್ರೆ ಮತ್ತು ವ್ಯಾಯಾಮ ಸಾಕು ಎಂದಿದ್ದಾರೆ. ಸಹೋದ್ಯೋಗಿಯೊಬ್ಬರು ಮನೆ ಹತ್ತಿರದ ಕೈರೋಪ್ರಾಕ್ಟಿಕ್ (ಕೈಯಿಂದ ಬೆನ್ನುಮೂಳೆ ಒತ್ತಿ, ತಿರುಚಿ ಮಾಡುವ ಚಿಕಿತ್ಸೆ) ಕ್ಲಿನಿಕ್‌ನಲ್ಲಿ ಒಂದೇ ಸಿಟ್ಟಿಂಗ್‌ಗೆ ಹಗುರವಾಯಿತು ಎನ್ನುತ್ತಾರೆ. ಅಲ್ಲಿಗೆ ಫೋನ್ ಮಾಡಿದರೆ, ‘ಮೂಳೆ ಜಾಗ ತಪ್ಪಿರುತ್ತೆ, ಪೂರ್ತಿ ಬೆನ್ನಿನ ಎಕ್ಸ್‌ರೇ ತೆಗೆದು ಸೆಟ್ ಮಾಡ್ತೀವಿ, 24 ಸಿಟ್ಟಿಂಗ್ ಪ್ಯಾಕೇಜ್, ಮೊದಲೇ ಕಟ್ಟಿದರೆ ರಿಯಾಯಿತಿ’ ಎಂದರು. ಕುತ್ತಿಗೆಯನ್ನೂ ತಿರುಗಿಸುತ್ತಾರಂತೆ. ಅದರಿಂದ ಲಕ್ವ ಹೊಡೆಯುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಿದ್ದಾರೆ. 67 ವರ್ಷದ ಅಮ್ಮನಿಗೂ ಬೆನ್ನುನೋವಿದೆ. ರುಮಟಾಯ್ಡ್ ಸಂಧಿವಾತಕ್ಕೆ ವರ್ಷಗಳಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರನ್ನೂ ಕರೆದುಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಸೊಂಟ, ನಿಮ್ಮ ಕುತ್ತಿಗೆ, ನಿಮ್ಮ ಅಮ್ಮ: ಈ ಮೂರಕ್ಕೂ ಉತ್ತರ ಬೇರೆ ಬೇರೆ. ಸೊಂಟಕ್ಕೆ, ಮೈಮುಟ್ಟುವ ಮೊದಲು ಸರಿಯಾಗಿ ಪರೀಕ್ಷೆ ಮಾಡುವವರು ಸಿಕ್ಕರೆ, ನಾಲ್ಕಾರು ಸಲ ಮಾಡಿಸಿ ನೋಡಬಹುದು, ಮಾಡಿಸದಿದ್ದರೂ ನಷ್ಟವೇನಿಲ್ಲ. ಕುತ್ತಿಗೆಯನ್ನು ತಿರುಚಿಸಿಕೊಳ್ಳಬೇಡಿ. ಅಮ್ಮನನ್ನು ಕರೆದೊಯ್ಯಲೇಬೇಡಿ. ನಾನು ಫಿಸಿಯೋಥೆರಪಿಸ್ಟ್ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆನ್ನನ್ನು ಚುರುಕಾಗಿ ಒತ್ತಿ ‘ಲಟಕ್’ ಎನ್ನಿಸುವ ಈ ತಂತ್ರವನ್ನು ನಮ್ಮ ವೃತ್ತಿಯವರೂ ಕಲಿಯುತ್ತಾರೆ, ಬಳಸುತ್ತಾರೆ. ಹಾಗಾಗಿ ಈ ಮಾತು ಕೈರೋಪ್ರಾಕ್ಟರ್‌ಗಳಿಗೆ ಎಷ್ಟು ಅನ್ವಯವೋ ನಮಗೂ ಅಷ್ಟೇ.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಬರಿಗಾಲಲ್ಲಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಗೋಡೆಗೆ ಒಂದು ಕೈ ಆನಿಸಿ ಎಡಗಾಲೊಂದರ ಮೇಲೇ ನಿಂತು, ತುದಿಗಾಲಿಗೆ ಹತ್ತು ಸಲ ಏಳಿ. ಆಮೇಲೆ ಬಲಗಾಲಿನಲ್ಲಿ ಅದೇ ಹತ್ತು. ಎಲ್5–ಎಸ್1 ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಸ್1 ನರವನ್ನು. ಮೀನಖಂಡದ ಎಳೆತ, ಪಾದದ ಹೊರಅಂಚಿನ ಜೋಮು ಎರಡೂ ಅದರದ್ದೇ. ಆ ನರದ ಶಕ್ತಿ ಕುಂದಿದರೆ ಹಿಮ್ಮಡಿ ಎತ್ತುವುದು ಕಷ್ಟವಾಗುತ್ತದೆ. ಎಡಗಾಲು ಹತ್ತು ಸಲ ಎದ್ದು ಬಲಗಾಲು ಮೂರಕ್ಕೇ ಸೋತರೆ, ಅಥವಾ ಹಿಮ್ಮಡಿ ಮೇಲೆ ನಡೆಯುವಾಗ ಪಾದ ಕೆಳಗೆ ಬೀಳುತ್ತಿದ್ದರೆ, ಯಾವ ಕ್ಲಿನಿಕ್ಕಿನ ಯೋಚನೆಯೂ ಬೇಡ. ನಿಮ್ಮ ಡಾಕ್ಟರನ್ನು ಒಂದೆರಡು ದಿನದೊಳಗೆ ಮತ್ತೆ ನೋಡಿ. ಮೂತ್ರ ಕಟ್ಟಿಕೊಳ್ಳುವುದು, ಅರಿವಿಲ್ಲದೆ ಮೂತ್ರವೋ ಮಲವೋ ಹೋಗುವುದು, ಗುದದ್ವಾರ ಮತ್ತು ಜನನಾಂಗದ ಸುತ್ತ, ಅಂದರೆ ಸೈಕಲ್ ಸೀಟು ತಾಗುವ ಜಾಗದಲ್ಲಿ, ಸ್ಪರ್ಶವೇ ಗೊತ್ತಾಗದಿರುವುದು, ಎರಡೂ ಕಾಲಿಗೆ ನೋವು ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ಆಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ. ಅಲ್ಲಿ ಗಂಟೆಗಳ ಲೆಕ್ಕ. ತಡವಾದರೆ ಮೂತ್ರದ ಹಿಡಿತ ಮರಳಿ ಬಾರದೇ ಹೋಗಬಹುದು.

ಇವ್ಯಾವೂ ಇಲ್ಲ ಎಂದುಕೊಂಡು ಮುಂದುವರಿಯೋಣ.

ಎಂಆರ್‌ಐ ರಿಪೋರ್ಟಿನ ‘ಬಲ್ಜ್’ ಎಂಬ ಪದಕ್ಕೆ ಜನ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಬೆನ್ನುನೋವೇ ಇಲ್ಲದ ಸುಮಾರು ಮೂರು ಸಾವಿರ ಜನರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ ನೋಡಿದ 2015ರ ಪರಿಶೀಲನೆಯೊಂದಿದೆ. ಅದರ ಪ್ರಕಾರ 20ರ ಹರೆಯದವರಲ್ಲೇ ಶೇ 30 ಜನರಿಗೆ, 40ರ ಆಸುಪಾಸಿನಲ್ಲಿ ಶೇ 50 ಜನರಿಗೆ ಡಿಸ್ಕ್ ಬಲ್ಜ್ ಇರುತ್ತದೆ. ಅಂದರೆ ನಿಮ್ಮ ವಯಸ್ಸಿನ ಸಹೋದ್ಯೋಗಿಗಳನ್ನು ಸಾಲಾಗಿ ಸ್ಕ್ಯಾನ್ ಮಾಡಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದೇ ರಿಪೋರ್ಟ್ ಬರುತ್ತದೆ. ನಿಮ್ಮ ವಿಷಯದಲ್ಲಿ ಕಾಲಿನ ಲಕ್ಷಣವೂ ಸ್ಕ್ಯಾನೂ ಒಂದೇ ನರವನ್ನು ತೋರಿಸುತ್ತಿರುವುದರಿಂದ ಡಿಸ್ಕೇ ಕಾರಣ ಎನ್ನಲು ಆಧಾರವಿದೆ. ಸಮಾಧಾನದ ವಿಷಯವೆಂದರೆ ಇಂಥ ಕಾಲುನೋವು ಹೆಚ್ಚಿನವರಲ್ಲಿ 6ರಿಂದ 12 ವಾರದಲ್ಲಿ ತಾನಾಗಿಯೇ ಬಹುಪಾಲು ಇಳಿಯುತ್ತದೆ. ನರದ ಸುತ್ತಲಿನ ಊತ ತಗ್ಗುತ್ತದೆ. ಹೊರಚಾಚಿದ ಡಿಸ್ಕ್ ಎಷ್ಟೋ ಸಲ ಕುಗ್ಗುತ್ತದೆ. ಐದನೇ ವಾರದಲ್ಲಿ ಯಾರ ಹತ್ತಿರ ಹೋದರೂ ಆರೇಳನೇ ವಾರಕ್ಕೆ ಹಗುರವಾಗುವ ಸಾಧ್ಯತೆ ಇದ್ದೇ ಇದೆ. ಹೆಸರು ಯಾರಿಗೆ ಬರುತ್ತದೆಯೋ ಅವರಿಗೆ. ನಿಮ್ಮ ಸಹೋದ್ಯೋಗಿಯ ಅನುಭವ ಸುಳ್ಳೆಂದು ಹೇಳುತ್ತಿಲ್ಲ, ಆದರೆ ಅವರ ನೋವು ನಿಮ್ಮ ನೋವಿನ ಜಾತಿಯದ್ದೇ ಎಂದು ಹೇಳಲಾಗದು.

ಇನ್ನು ‘ಮೂಳೆ ಜಾಗ ತಪ್ಪಿದೆ’ ಎಂಬ ಮಾತು. ಇದರ ಮೂಲ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿದೆ. ಅಲ್ಲಿ 1895ರಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಿವಿ ಮಂದವಾಗಿದ್ದ ಹಾರ್ವೆ ಲಿಲ್ಲರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿದ. ಆತನಿಗೆ ಕಿವಿ ಕೇಳಿಸತೊಡಗಿತು ಎಂದು ಹೇಳಿಕೊಂಡ. ಬೆನ್ನಿನ ಮಣಿಗಳು ಸ್ವಲ್ಪ ಸರಿದು ನರಗಳನ್ನು ಅಮುಕುವುದೇ ಬಹುಪಾಲು ರೋಗಗಳಿಗೆ ಕಾರಣ ಎಂಬುದು ಆತನ ಸಿದ್ಧಾಂತ. ಕಿವಿಯ ನರ ಬೆನ್ನುಮೂಳೆಯೊಳಗೆ ಹಾದುಹೋಗುವುದೇ ಇಲ್ಲ. ಆ ಸಿದ್ಧಾಂತಕ್ಕೆ ಈವರೆಗೂ ಪುರಾವೆ ಸಿಕ್ಕಿಲ್ಲ, ಇಂದಿನ ಎಷ್ಟೋ ಕೈರೋಪ್ರಾಕ್ಟರ್‌ಗಳೂ ಅದನ್ನು ಕೈಬಿಟ್ಟಿದ್ದಾರೆ. ಮಣಿ ನಿಜವಾಗಿಯೂ ಜಾಗ ಬಿಟ್ಟು ಜಾರುವ ಸ್ಥಿತಿ ಬೇರೆ ಇದೆ. ಅದು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಕೈಯಿಂದ ಒತ್ತಿ ಅದನ್ನು ಹಿಂದಕ್ಕೆ ಕೂರಿಸಲು ಆಗುವುದಿಲ್ಲ, ಒತ್ತಲೂಬಾರದು.

ಹಾಗಾದರೆ ಆ ಸದ್ದು ಏನು? ನೀವು ಬೆರಳಿನ ಲಟಿಕೆ ಮುರಿದಾಗ ಬರುವ ಸದ್ದೇ ಅದು. ಕೀಲಿನೊಳಗೆ ಎಣ್ಣೆಯಂಥ ದ್ರವವಿದೆ. ಕೀಲಿನ ಎರಡು ಮೈಗಳು ತಟ್ಟನೆ ದೂರವಾದಾಗ ಒಳಗಿನ ಒತ್ತಡ ಕುಸಿದು, ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳೊಂದನ್ನು ಎಂಆರ್‌ಐ ಯಂತ್ರದೊಳಗೇ ಎಳೆದು ಲಟಿಕೆ ಬೀಳುವ ಕ್ಷಣವನ್ನು ಚಿತ್ರೀಕರಿಸಿದರು. ಸದ್ದಿನ ಹೊತ್ತಿಗೇ ಕೀಲಿನೊಳಗೆ ಟೊಳ್ಳು ಕಾಣಿಸಿಕೊಂಡಿತು. ಅದೇ ಬೆರಳು ಮತ್ತೆ ಲಟಿಕೆ ಕೊಡಲು ಸುಮಾರು 20 ನಿಮಿಷ ಬೇಕು. ಮೂಳೆ ಕೂತದ್ದಾಗಲೀ ಡಿಸ್ಕ್ ಒಳಹೋದದ್ದಾಗಲೀ ಅಲ್ಲ. ಸದ್ದು ಬಾರದೆಯೂ ಪರಿಣಾಮ ಇರಬಹುದು, ಜೋರಾಗಿ ಬಂದೂ ಏನೂ ಆಗದಿರಬಹುದು. ಕೆಲವು ಕ್ಲಿನಿಕ್‌ಗಳಲ್ಲಿ ಮೇಜಿನ ಒಂದು ಭಾಗವನ್ನು ತುಸು ಎತ್ತಿಟ್ಟಿರುತ್ತಾರೆ. ಒತ್ತಿದಾಗ ಅದು ‘ಧಡ್’ ಎಂದು ಕೆಳಗಿಳಿಯುತ್ತದೆ. ಆ ಸದ್ದು ಪೂರ್ತಿ ಮೇಜಿನದ್ದೇ. ವಿಡಿಯೋಗಳಲ್ಲಿ ಮೈಕನ್ನು ಬೆನ್ನಿನ ಹತ್ತಿರ ಹಿಡಿಯುವುದರಿಂದ ಇದೆಲ್ಲ ಇನ್ನೂ ದೊಡ್ಡದಾಗಿ ಕೇಳುತ್ತದೆ.

ಸದ್ದು ಬರೀ ಗುಳ್ಳೆಯಾದರೆ ಹಗುರ ಅನಿಸುವುದೇಕೆ? ಆ ಚುರುಕಾದ ಒತ್ತು ಕೀಲಿನ ಸುತ್ತಲಿನ ಸ್ನಾಯು, ನರತುದಿಗಳನ್ನು ಒಮ್ಮೆಲೇ ಪ್ರಚೋದಿಸುತ್ತದೆ. ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತದೆ, ನೋವಿನ ಅರಿವು ತಗ್ಗುತ್ತದೆ, ಬಗ್ಗಲು ಧೈರ್ಯ ಬರುತ್ತದೆ. ಆ ಹಗುರ ಕೆಲವರಿಗೆ ಗಂಟೆಗಳು, ಕೆಲವರಿಗೆ ದಿನಗಳು ಉಳಿಯುತ್ತದೆ. ಅದನ್ನು ಬಳಸಿಕೊಂಡು ನಡೆದರೆ, ವ್ಯಾಯಾಮ ಮಾಡಿದರೆ ಪ್ರಯೋಜನ. ಹಗುರವಾಯಿತೆಂದು ಮತ್ತೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತರೆ ಮುಂದಿನ ವಾರ ಅಲ್ಲಿಗೇ ಬಂದು ನಿಲ್ಲುತ್ತೀರಿ.

ಸಂಶೋಧನೆಗಳು ಹೇಳುವುದೂ ಇಷ್ಟನ್ನೇ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೊಸ ಸೊಂಟನೋವಿಗೆ ಬಿಸಿ ಶಾಖ, ಮಸಾಜ್, ಅಕ್ಯುಪಂಕ್ಚರ್‌ಗಳ ಸಾಲಿನಲ್ಲಿ ಈ ತಂತ್ರಕ್ಕೂ ಜಾಗ ಕೊಟ್ಟಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್‌ನ 2016ರ ಮಾರ್ಗಸೂಚಿ ಇದನ್ನು ವ್ಯಾಯಾಮದ ಜತೆ ಸೇರಿಸಿದರೆ ಮಾತ್ರ ಬಳಸಿ ಎನ್ನುತ್ತದೆ. 2019ರಲ್ಲಿ 47 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ಹಳೆಯ ಸೊಂಟನೋವಿಗೆ ಇದು ಶಿಫಾರಸಾದ ಇತರ ಚಿಕಿತ್ಸೆಗಳಷ್ಟೇ ಫಲ ಕೊಡುತ್ತದೆ, ಹೆಚ್ಚಲ್ಲ ಎಂದು ಕಂಡುಬಂತು. ಸೊಂಟನೋವಿಗೆ ಇದೊಂದು ಸಾಧಾರಣ ಮಟ್ಟದ, ಒಪ್ಪಬಹುದಾದ ಆಯ್ಕೆ. ಸಕ್ಕರೆ ಕಾಯಿಲೆ, ಬಿಪಿ, ಆಸ್ತಮಾ, ಮಕ್ಕಳ ಕಿವಿನೋವು ಇದರಿಂದ ವಾಸಿಯಾಗುತ್ತವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮದು ಬರೀ ಸೊಂಟನೋವಲ್ಲ, ನರದ ನೋವು ಕಾಲಿಗೆ ಇಳಿದಿದೆ. ಇಲ್ಲಿ ಎಚ್ಚರ ಹೆಚ್ಚು ಬೇಕು. ಸಾಮಾನ್ಯವಾಗಿ ಮಾಡುವುದು ಹೀಗೆ: ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಒಂದು ಕೈಯಿಂದ ಭುಜವನ್ನು ಹಿಂದಕ್ಕೆ, ಮುಂದೋಳಿನಿಂದ ಪೃಷ್ಠವನ್ನು ಮುಂದಕ್ಕೆ ತಿರುಗಿಸಿ, ಕೀಲು ಬಿಗಿಯಾಗುವ ಹಂತಕ್ಕೆ ತಂದು, ಅಲ್ಲಿಂದ ಚಿಕ್ಕದೊಂದು ವೇಗದ ಒತ್ತು. ಒಂದು ಸೆಕೆಂಡೂ ಹಿಡಿಯದ ಕೆಲಸ. ತಿರುಚುವಿಕೆ ಡಿಸ್ಕಿನ ಹೊರ ಉಂಗುರಕ್ಕೆ ಹಿತವಾದ ಚಲನೆಯಲ್ಲ. ಪರಿಣತರ ಕೈಯಲ್ಲಿ ತೊಂದರೆ ಅಪರೂಪ, ಆದರೆ ಡಿಸ್ಕ್ ಇನ್ನಷ್ಟು ಹೊರಬಂದು ಕಾಲಿನ ಶಕ್ತಿ ಕುಂದಿದ, ಮೂತ್ರ ಕಟ್ಟಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹೋಗುವುದಾದರೆ ‘ತಿರುಚುವ ಒತ್ತು ಬೇಡ, ನಿಧಾನದ ವಿಧಾನ ಮಾಡಿ’ ಎಂದು ಕೇಳಿ. ನಡುವೆ ಕೀಲಿರುವ ಮೇಜಿನ ಮೇಲೆ ಬೋರಲು ಮಲಗಿಸಿ, ಮೇಜಿನ ಕಾಲಿನ ಭಾಗವನ್ನು ನಿಧಾನವಾಗಿ ಕೆಳಗೆ ಇಳಿಸುತ್ತಾ ಸೊಂಟವನ್ನು ಹಗುರವಾಗಿ ಹಿಗ್ಗಿಸುವ ಪದ್ಧತಿ ಅವರಲ್ಲೇ ಇದೆ. ನಡುವೆ ಕಾಲುನೋವು ಹೆಚ್ಚಿದರೆ ಅಲ್ಲೇ ನಿಲ್ಲಿಸಬಹುದು. ಒತ್ತಿನಲ್ಲಿ ಆ ಅವಕಾಶವಿಲ್ಲ.

ಕುತ್ತಿಗೆಯ ವಿಷಯದಲ್ಲಿ ನಿಮ್ಮ ಮನೆಯವರ ಭಯ ಉತ್ಪ್ರೇಕ್ಷೆ ಇರಬಹುದು, ಆಧಾರವಿಲ್ಲದ್ದಲ್ಲ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕುತ್ತಿಗೆಯ ಆರನೇ ಮಣಿಯಿಂದ ಮೊದಲ ಮಣಿಯವರೆಗೆ ಮೂಳೆಯ ಪಕ್ಕದ ತೂತುಗಳೊಳಗೆ ಏರುತ್ತವೆ. ಮೇಲೆ, ಮೊದಲ ಮಣಿಯ ಮೇಲೆ ಬಳಸಿ ತಲೆಬುರುಡೆಯೊಳಗೆ ಹೋಗುತ್ತವೆ. ನಾವು ತಲೆ ತಿರುಗಿಸುವಾಗ ಆ ತಿರುಗುವಿಕೆಯ ಸುಮಾರು ಅರ್ಧ ನಡೆಯುವುದು ಮೊದಲ ಎರಡು ಮಣಿಗಳ ನಡುವೆಯೇ. ತಲೆಯನ್ನು ಹಿಂದಕ್ಕೆ ಬಾಗಿಸಿ ರಭಸದಿಂದ ತಿರುಗಿಸಿದಾಗ ರಕ್ತನಾಳ ಎಳೆಯಲ್ಪಡುವುದು ಅಲ್ಲೇ. ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು.

ಎಷ್ಟು ಅಪರೂಪ? ಬಹಳ. ತಿರುಚಿದ್ದರಿಂದಲೇ ಆಯಿತು ಎಂದು ಹೇಳುವುದೂ ಸುಲಭವಲ್ಲ. ಕೆನಡಾದ ಆಂಟಾರಿಯೋ ಪ್ರಾಂತ್ಯದ 2008ರ ಅಧ್ಯಯನವೊಂದರಲ್ಲಿ, ಇಂಥ ಪಾರ್ಶ್ವವಾಯುವಿಗೆ ಮುಂಚೆ ಕೈರೋಪ್ರಾಕ್ಟರ್ ಬಳಿ ಹೋದವರಂತೆ ಸಾಮಾನ್ಯ ವೈದ್ಯರ ಬಳಿ ಹೋದವರೂ ಹೆಚ್ಚಾಗಿಯೇ ಇದ್ದರು. ಅಂದರೆ ಕೆಲವರಲ್ಲಿ ನಾಳ ಮೊದಲೇ ಹರಿದಿದ್ದು, ಅದರ ಕುತ್ತಿಗೆನೋವಿಗೇ ಅವರು ಚಿಕಿತ್ಸೆ ಹುಡುಕಿ ಹೋಗಿದ್ದಿರಬಹುದು. ನನ್ನ ದೃಷ್ಟಿಯಲ್ಲಿ ಇದು ನಿರಾಳವಾಗುವ ಮಾತಲ್ಲ. ಮೊದಲೇ ಹರಿದ ನಾಳವಿರುವ ಕುತ್ತಿಗೆಯನ್ನು ತಿರುಚುವುದು ಇನ್ನೂ ಕೆಟ್ಟದ್ದು, ಮತ್ತು ಅದನ್ನು ಹೊರಗಿನಿಂದ ಮುಟ್ಟಿ ನೋಡಿ ಪತ್ತೆ ಮಾಡಲು ನಂಬಬಹುದಾದ ಪರೀಕ್ಷೆಯೇ ಇಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರ ಹೇಳಿಕೆಯಲ್ಲಿ, ಕುತ್ತಿಗೆ ಮುಟ್ಟುವ ಮೊದಲು ಈ ನಂಟನ್ನು ರೋಗಿಗೆ ತಿಳಿಸಬೇಕು ಎಂದಿದೆ. ನಿಮಗೆ ಇರುವುದು ಸೊಂಟದ ತೊಂದರೆ. ಅದಕ್ಕೆ ಕುತ್ತಿಗೆ ತಿರುಚಬೇಕಾದ ಕಾರಣವೇ ಇಲ್ಲ. ‘ಪೂರ್ತಿ ಬೆನ್ನು ಒಟ್ಟಿಗೆ ಅಲೈನ್ ಮಾಡಬೇಕು’ ಎಂದರೆ ಒಪ್ಪಬೇಡಿ. ಗದ್ದಕ್ಕೂ ತಲೆಗೂ ಪಟ್ಟಿ ಬಿಗಿದು ತಲೆಯನ್ನು ಜಗ್ಗುವ ವೈ-ಸ್ಟ್ರ್ಯಾಪ್ ಎಂಬುದನ್ನು ವಿಡಿಯೋದಲ್ಲಿ ನೋಡಿರುತ್ತೀರಿ. ಅದರಲ್ಲಿ ಬಲ ಎಷ್ಟು, ಯಾವ ಕೀಲಿಗೆ ಎಂಬ ಹಿಡಿತವೇ ಇಲ್ಲ. ಅದಂತೂ ಬೇಡವೇ ಬೇಡ. ಕಟಿಂಗ್ ಶಾಪಿನಲ್ಲಿ ಹೆಡ್ ಮಸಾಜ್ ಮುಗಿಸಿ ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ ಅನ್ನಿಸುವುದಕ್ಕೂ ಇದೇ ಮಾತು: ಕುರ್ಚಿಯಲ್ಲಿ ಕೂರುವಾಗಲೇ ‘ಕತ್ತು ತಿರುಗಿಸಬೇಡಿ’ ಎಂದು ಹೇಳಿಬಿಡಿ.

ಯಾವಾಗಲಾದರೂ ಕುತ್ತಿಗೆ ತಿರುಚಿಸಿಕೊಂಡ ಮೇಲೆ, ಆಗಲೇ ಅಥವಾ ಕೆಲವು ದಿನಗಳಲ್ಲಿ, ಹಿಂದೆಂದೂ ಬಾರದಂಥ ತಲೆಯ ಹಿಂಬದಿಯ ನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡಿಗೆ ಓಲಾಡುವುದು, ಮುಖದ ಒಂದು ಕಡೆ ಮರಗಟ್ಟುವುದು ಕಂಡರೆ ಮಲಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು. ಕುತ್ತಿಗೆ ತಿರುಚಿಸಿಕೊಂಡ ವಿಷಯವನ್ನು ಅಲ್ಲಿ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಯಾರಿಗೂ ಹೊಳೆಯದು.

ಇನ್ನು ಕ್ಲಿನಿಕ್ ಆರಿಸುವ ಮಾತು. ಅಮೆರಿಕದಲ್ಲಿ ಈ ವೃತ್ತಿಗೆ ಪ್ರತ್ಯೇಕ ಪದವಿ, ರಾಷ್ಟ್ರಮಟ್ಟದ ಪರೀಕ್ಷೆ, ಪ್ರತಿ ರಾಜ್ಯದ ಪರವಾನಗಿ ಇವೆ. ಬ್ರಿಟನ್ನಿನಲ್ಲಿ 1994ರ ಕಾಯ್ದೆಯಡಿ ನೋಂದಣಿಯಾಗದವರು ತಮ್ಮನ್ನು ಕೈರೋಪ್ರಾಕ್ಟರ್ ಎಂದು ಕರೆದುಕೊಳ್ಳುವುದೇ ಅಪರಾಧ. ನಮ್ಮಲ್ಲಿ ಈ ವೃತ್ತಿಗೆಂದು ಅಂಥ ಕೌನ್ಸಿಲ್ ಇಲ್ಲ. 2021ರ ಅಲೈಡ್ ಆ್ಯಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯಲ್ಲಿ ಫಿಸಿಯೋಥೆರಪಿಗೆ ತನ್ನದೇ ವಿಭಾಗವಿದೆ, ಕೈರೋಪ್ರಾಕ್ಟಿಕ್‌ಗೆ ಇಲ್ಲ. ಹಾಗಾಗಿ ಬೆಂಗಳೂರಿನ ಒಂದೇ ಬಗೆಯ ಬೋರ್ಡುಗಳ ಹಿಂದೆ ಮೂರು ಬಗೆಯವರು ಇರಬಹುದು: ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಪದವಿ ಪಡೆದವರು, ಫಿಸಿಯೋಥೆರಪಿ ಪದವಿ (ಬಿಪಿಟಿ ಅಥವಾ ಎಂಪಿಟಿ) ಮಾಡಿ ಆಮೇಲೆ ಈ ತಂತ್ರ ಕಲಿತ ಫಿಸಿಯೋಥೆರಪಿಸ್ಟ್‌ಗಳು, ಮತ್ತು ಕೆಲವೇ ದಿನಗಳ ಶಿಬಿರದ ಸರ್ಟಿಫಿಕೇಟು ಹಿಡಿದವರು. ಹೆಸರಿನ ಮುಂದಿನ ‘ಡಾ.’ ನೋಡಿ ಇದು ತಿಳಿಯುವುದಿಲ್ಲ. ‘ಯಾವ ಪದವಿ, ಯಾವ ಕಾಲೇಜು, ಎಷ್ಟು ವರ್ಷದ ಕೋರ್ಸ್?’ ಎಂದು ಫೋನಿನಲ್ಲೇ ಕೇಳಿ. ಓದಿದವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಕರ್ನಾಟಕದಲ್ಲಿ ಖಾಸಗಿ ಫಿಸಿಯೋಥೆರಪಿ ಕೇಂದ್ರಗಳೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಬೇಕು. ಆ ಪ್ರಮಾಣಪತ್ರವೂ ದರಪಟ್ಟಿಯೂ ಎಲ್ಲರಿಗೂ ಕಾಣುವಂತೆ ಇರಬೇಕು. ಗೋಡೆ ನೋಡಿ.

ಪದವಿಗಿಂತ ಹೆಚ್ಚು ಹೇಳುವುದು ಮೊದಲ ಭೇಟಿಯ ಮೊದಲ 20 ನಿಮಿಷ. ಜ್ವರ ಬರುತ್ತಿದೆಯೇ, ತೂಕ ಇಳಿದಿದೆಯೇ, ರಾತ್ರಿ ಬೆವರುತ್ತದೆಯೇ ಎಂದು ಕೇಳಬೇಕು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ, ಸಂಜೆ ಜ್ವರದ ಬೆನ್ನುನೋವನ್ನು ಒತ್ತಿಬಿಟ್ಟರೆ ಟೊಳ್ಳಾದ ಮಣಿ ಕುಸಿಯಬಹುದು. ಬಿದ್ದಿದ್ದೀರಾ, ಕ್ಯಾನ್ಸರ್ ಬಂದಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಸ್ಟೀರಾಯ್ಡ್ ಇದೆಯೇ ಎಂದು ಕೇಳಬೇಕು. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಬೆನ್ನು ಬಿಗಿದು, ಓಡಾಡಿದರೆ ಸಡಿಲವಾಗುತ್ತದೆಯೇ ಎಂಬುದೂ ಮುಖ್ಯ. ನಿಮ್ಮ ವಯಸ್ಸಿನ ಗಂಡಸರಲ್ಲಿ ಅದು ಆ್ಯಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು, ಅದಕ್ಕೆ ಬೇಕಾದವರು ರುಮಟಾಲಜಿಸ್ಟ್. ಆಮೇಲೆ ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಎತ್ತಿ ಎಷ್ಟು ಡಿಗ್ರಿಗೆ ಎಳೆತ ಬರುತ್ತದೆ ಎಂದು ನೋಡಬೇಕು, ಪುಟ್ಟ ಸುತ್ತಿಗೆಯಿಂದ ಮೊಣಕಾಲು, ಹಿಮ್ಮಡಿ ತಟ್ಟಬೇಕು, ಕಾಲಿನ ಹೆಬ್ಬೆರಳಿನ ಶಕ್ತಿ ನೋಡಬೇಕು. ಇದಾವುದೂ ಇಲ್ಲದೆ ಬೋರಲು ಮಲಗಿಸಿ, ಶೂ ಹಿಡಿದು ‘ನೋಡಿ, ಒಂದು ಕಾಲು ಗಿಡ್ಡ’ ಎಂದು ತೋರಿಸಿ, ಒತ್ತಿ, ‘ಈಗ ಸಮ ಆಯ್ತು’ ಎಂದರೆ ಅದಕ್ಕೆ ಬೆಲೆ ಇಲ್ಲ. ಕೆಲವು ಮಿಲಿಮೀಟರ್ ವ್ಯತ್ಯಾಸ ಬಹುತೇಕ ಎಲ್ಲರಲ್ಲೂ ಇರುತ್ತದೆ; ಪಾದವನ್ನು ಹಿಡಿಯುವ ಕೈ ತುಸು ಓರೆಯಾದರೂ ಅಷ್ಟು ಬದಲಾಗುತ್ತದೆ.

ನಿಮ್ಮ ಬಳಿ ಎಂಆರ್‌ಐ ಇರುವಾಗ ಪೂರ್ತಿ ಬೆನ್ನಿನ ಎಕ್ಸ್‌ರೇ ಯಾಕೆ? ಎಂಆರ್‌ಐ ತೋರಿಸದ ಏನನ್ನು ಅದು ತೋರಿಸಬೇಕು ಎಂದು ಕೇಳಿ. ಸೊಂಟದ ಎಕ್ಸ್‌ರೇಗೆ ಎದೆಯ ಎಕ್ಸ್‌ರೇಗಿಂತ ಎಷ್ಟೋ ಪಟ್ಟು ವಿಕಿರಣ ಬೀಳುತ್ತದೆ. ಬೆನ್ನಿನ ಬಾಗು ಎಷ್ಟು ಡಿಗ್ರಿ ಎಂದು ಗೆರೆ ಎಳೆದು ತೋರಿಸಿ ಪ್ಯಾಕೇಜ್ ಮಾರುವುದಕ್ಕೆ ಅದನ್ನು ಬಳಸುವ ರೂಢಿ ಇದೆ. ಆ ಡಿಗ್ರಿಗೂ ನೋವಿಗೂ ನಂಟು ತೀರಾ ದುರ್ಬಲ.

ಪ್ಯಾಕೇಜ್ ಕಟ್ಟಬೇಡಿ. ನಿಮ್ಮನ್ನು ನೋಡದೆ, ಫೋನಿನಲ್ಲೇ 24 ಎಂದು ಹೇಳಲು ಯಾವ ಶಾಸ್ತ್ರವೂ ಇಲ್ಲ. ಉಪಯೋಗವಾಗುವುದಿದ್ದರೆ ಎರಡು-ಮೂರು ವಾರದಲ್ಲಿ, ನಾಲ್ಕರಿಂದ ಆರು ಸಿಟ್ಟಿಂಗ್‌ನೊಳಗೆ ಗೊತ್ತಾಗುತ್ತದೆ. ಪ್ರತಿ ಸಲದ ಹಣ ಆಯಾ ಸಲವೇ ಕೊಡಿ. ಶುರು ಮಾಡುವ ದಿನ ಮೂರು ಸಂಗತಿ ಬರೆದಿಡಿ: ಎಷ್ಟು ನಿಮಿಷ ಕೂರಬಲ್ಲೆ, ಎಷ್ಟು ದೂರ ನಡೆಯಬಲ್ಲೆ, ಕಾಲುನೋವು ಎಲ್ಲಿಯವರೆಗೆ ಇಳಿಯುತ್ತದೆ. ನಾಲ್ಕನೇ ಸಿಟ್ಟಿಂಗ್ ಆದ ಮೇಲೆ ಅದೇ ಮೂರನ್ನು ನೋಡಿ, ಬದಲಾಗಿಲ್ಲವಾದರೆ ನಿಲ್ಲಿಸಿ. ಮಾಡಿಸಿದ ಮಾರನೇ ದಿನ ಮೈಕೈ ನೋವು ಬರುವುದು ಸಾಮಾನ್ಯ, ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬರುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಕಾಲಿನ ಜೋಮು ಹೆಚ್ಚಿದರೆ, ಪಾದ ಸೋತರೆ ಅದು ಸಾಮಾನ್ಯವಲ್ಲ. ‘ಟಾಕ್ಸಿನ್ ಹೊರಬರುತ್ತಿದೆ’ ಎಂದು ಸಮಾಧಾನ ಹೇಳಿದರೆ ನಂಬಬೇಡಿ.

ಕ್ಲಿನಿಕ್‌ಗೆ ಹೋಗಿ ಅಥವಾ ಬಿಡಿ, ಮನೆಯಲ್ಲಿ ಮಾಡಬೇಕಾದದ್ದು ಒಂದಿದೆ. ನೆಲದ ಮೇಲೆ ಚಾಪೆ ಹಾಸಿ ಬೋರಲು ಮಲಗಿ, ಎರಡು ನಿಮಿಷ ಸುಮ್ಮನಿರಿ. ಆಮೇಲೆ ಮೊಣಕೈ ಊರಿ ಎದೆ ಎತ್ತಿ ಇನ್ನೆರಡು ನಿಮಿಷ. ಹಿತವೆನಿಸಿದರೆ ಅಂಗೈ ಊರಿ ಭುಜಂಗಾಸನದಂತೆ ಎದೆ ಎತ್ತಿ ಇಳಿಸಿ, ಸೊಂಟ ಸಡಿಲವಾಗಿ ನೆಲಕ್ಕೇ ಜೋತಿರಲಿ, ಹತ್ತು ಸಲ. ಈಗ ನೋವು ಎಲ್ಲಿದೆ ಎಂದು ಗಮನಿಸಿ. ಮೀನಖಂಡದ ನೋವು ಮೇಲೇರಿ ತೊಡೆಗೆ, ಪೃಷ್ಠಕ್ಕೆ ಬಂದು ನಿಂತರೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿಯಾದರೂ ಸರಿ, ಅದು ಒಳ್ಳೆಯ ಸೂಚನೆ. ಎರಡು-ಮೂರು ಗಂಟೆಗೊಮ್ಮೆ ಹತ್ತು ಸಲ ಮಾಡಿ. ನೋವು ಪಾದದ ಕಡೆ ಇಳಿದರೆ ಈ ವ್ಯಾಯಾಮ ನಿಮ್ಮದಲ್ಲ, ನಿಲ್ಲಿಸಿ. ಯಾವ ದಿಕ್ಕಿನ ಚಲನೆ ನಿಮಗೆ ಹೊಂದುತ್ತದೆ ಎಂದು ಹುಡುಕಿ ಕೊಡುವುದೇ ಒಳ್ಳೆಯ ಫಿಸಿಯೋಥೆರಪಿಸ್ಟ್‌ನ ಮೊದಲ ಕೆಲಸ. ಬರೀ ಕರೆಂಟ್ ಇಟ್ಟು, ಶಾಖ ಕೊಟ್ಟು ಕಳಿಸುವ ಕಡೆ ನಿಮ್ಮ ಹಣ ವ್ಯರ್ಥ.

ದಿನಕ್ಕೆ ಎರಡು ಸಲ ಹತ್ತು-ಹದಿನೈದು ನಿಮಿಷ ಸಮತಟ್ಟು ಜಾಗದಲ್ಲಿ ನಡೆಯಿರಿ. 30–40 ನಿಮಿಷಕ್ಕೊಮ್ಮೆ ಕುರ್ಚಿಯಿಂದ ಏಳಿ. ಬೈಕನ್ನು ಒಂದು ತಿಂಗಳು ಬಿಟ್ಟು ಮೆಟ್ರೋ ಹಿಡಿಯಿರಿ. ಹಂಪ್ ಮೇಲೆ ಬೈಕ್ ಎಗರಿದಾಗ ಮುಂದಕ್ಕೆ ಬಾಗಿ ಕೂತ ಸೊಂಟಕ್ಕೆ ಬೀಳುವ ಪೆಟ್ಟು ಈಗ ಬೇಡ. ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬೇಡಿ. ನೋವಿನ ಮಾತ್ರೆ ಡಾಕ್ಟರು ಹೇಳಿದಷ್ಟು ದಿನ ಮಾತ್ರ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ಅವರಿಗೆ ಹೇಳಿ. ಮೂರು ತಿಂಗಳಾದರೂ ಕಾಲುನೋವು ನಿದ್ದೆಗೆಡಿಸುತ್ತಿದ್ದರೆ, ಅಥವಾ ಶಕ್ತಿ ಕುಂದುತ್ತಿದ್ದರೆ, ಆಗ ಸೂಜಿಮದ್ದು ಅಥವಾ ಆಪರೇಷನ್ ವಿಷಯವನ್ನು ಬೆನ್ನುಮೂಳೆ ತಜ್ಞರ ಜತೆ ಮಾತಾಡಬೇಕು. ಸರಿಯಾದ ಕಾರಣಕ್ಕೆ ಮಾಡಿದ ಡಿಸ್ಕ್ ಆಪರೇಷನ್‌ನಿಂದ ಕಾಲುನೋವು ಬೇಗ ಇಳಿಯುತ್ತದೆ. ಅದನ್ನು ಭೂತ ಮಾಡಿಕೊಳ್ಳುವ ಅಗತ್ಯವಿಲ್ಲ.

ಕೊನೆಯದಾಗಿ ಅಮ್ಮ. ಅವರ ವಿಷಯದಲ್ಲಿ ‘ಮೆಲ್ಲಗೆ ಮಾಡ್ತೀವಿ’ ಎಂಬ ಮಾತಿಗೂ ಒಪ್ಪಬೇಡಿ. ಸ್ಟೀರಾಯ್ಡ್ ಮಾತ್ರೆ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಮೂಳೆ ಸವೆಯತೊಡಗುತ್ತದೆ. ಅವರದ್ದು ವರ್ಷಗಳ ಲೆಕ್ಕ, ಮೇಲೆ ಮುಟ್ಟು ನಿಂತ ವಯಸ್ಸು. ಇಂಥವರಲ್ಲಿ ನೀರಿನ ಬಕೆಟ್ ಎತ್ತಿದ್ದಕ್ಕೋ ಜೋರಾಗಿ ಕೆಮ್ಮಿದ್ದಕ್ಕೋ ಬೆನ್ನಿನ ಮಣಿ ಕುಸಿಯುವುದುಂಟು, ಕುಸಿದದ್ದು ಬರೀ ಬೆನ್ನುನೋವಾಗಿ ಕಾಣಿಸುವುದುಂಟು. ಎರಡನೆಯದು ರುಮಟಾಯ್ಡ್. ಕುತ್ತಿಗೆಯ ಮೊದಲ ಎರಡು ಮಣಿಗಳನ್ನು ಹಿಡಿದಿಡುವ ಕಟ್ಟನ್ನು ಅದು ಸಡಿಲಿಸಬಲ್ಲದು. ಆ ಜಾಗದಲ್ಲಿ ತಿರುಚಿದರೆ ಮಣಿ ಬೆನ್ನುಹುರಿಯನ್ನೇ ಒತ್ತಬಹುದು. ಎಣ್ಣೆ ತಿಕ್ಕಿ ಸೊಂಟ ತುಳಿಸುವುದು, ನಾಟಿ ವೈದ್ಯರ ಹತ್ತಿರ ನರ ಎಳೆಸುವುದು ಇವೂ ಬೇಡ.

ಅವರಿಗೆ ಆಗಬೇಕಾದದ್ದು ಬೇರೆ. ನೋವಿರುವ ಜಾಗದ ಎಕ್ಸ್‌ರೇ ಮೊದಲು ಆಗಲಿ; ನಿಮಗೆ ಬೇಡ ಎಂದ ಎಕ್ಸ್‌ರೇ ಅವರಿಗೆ ಬೇಕು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಷ್ಟು ಇಳಿಯುವ ಮೊದಲೇ ಚಿಕಿತ್ಸೆ ಶುರು ಮಾಡುವುದೂ ಇದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಜತೆಗೆ ಮೂಳೆ ಗಟ್ಟಿ ಮಾಡುವ ಔಷಧ ಬೇಕೇ ಎಂದು ಅವರ ರುಮಟಾಲಜಿಸ್ಟ್ ಬಳಿ ಕೇಳಿ. ಕೈಬೆರಳು ಮರಗಟ್ಟುವುದು, ಗುಂಡಿ ಹಾಕಲು ತಡವರಿಸುವುದು, ನಡಿಗೆ ತೊಡರುವುದು ಇದ್ದರೆ ಅದನ್ನೂ ಹೇಳಿ. ಕತ್ತು ಬಗ್ಗಿಸಿ, ಎತ್ತಿ ತೆಗೆಯುವ ಎಕ್ಸ್‌ರೇ ಬೇಕಾಗಬಹುದು. ಮುಂದೆ ಯಾವುದಾದರೂ ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಕುತ್ತಿಗೆ ಹಿಂದಕ್ಕೆ ಬಾಗಿಸುತ್ತಾರೆ, ಆದ್ದರಿಂದ ರುಮಟಾಯ್ಡ್ ಇದೆ ಎಂದು ಅರಿವಳಿಕೆ ವೈದ್ಯರಿಗೂ ತಿಳಿದಿರಬೇಕು. ಇದನ್ನೆಲ್ಲ ಓದಿ ಗಾಬರಿಯಾಗಿ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ. ವರ್ಷಗಟ್ಟಲೆ ಹೊರಗಿನಿಂದ ಕೊಟ್ಟದ್ದರಿಂದ ದೇಹ ತನ್ನ ಸ್ಟೀರಾಯ್ಡ್ ತಯಾರಿಯನ್ನು ತಗ್ಗಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಡೋಸ್ ಇಳಿಸುವುದಿದ್ದರೆ ಅವರ ಡಾಕ್ಟರೇ ಹಂತಹಂತವಾಗಿ ಇಳಿಸಲಿ.